ಒಂದು ಸಲ ಹೋಗಲೇಬೇಕಾದ ಹೋಟೆಲು

ನನ್ನ ಅತ್ತೆಗೆ ಎಪ್ಪತ್ತು ದಾಟಿದ ಮೇಲೆ ಹೊಸ ಹಲ್ಲು ಬಂತು. ತಾನಾಗಿ ಬಂದದ್ದಲ್ಲ, ಹಲ್ಲಿನ ಡಾಕ್ಟರು ಅಳತೆ ತೆಗೆದು ಮಾಡಿಸಿಕೊಟ್ಟದ್ದು. ಮೇಲಿನ ಸಾಲು, ಕೆಳಗಿನ ಸಾಲು ಎರಡೂ. ಮೊದಮೊದಲು ಮೆತ್ತಗಿನದ್ದನ್ನೇ ತಿನ್ನಿ, ಒಸಡಿಗೆ ಅಭ್ಯಾಸವಾಗಲಿ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಕೆಲವು ದಿನ ಗಂಜಿ, ಇಡ್ಲಿ, ಬಾಳೆಹಣ್ಣು ಎಂದು ಶಿಸ್ತಾಗಿ ಇದ್ದರು. ಆಮೇಲೆ ಒಂದು ಬೆಳಿಗ್ಗೆ ದೋಸೆಯ ತಟ್ಟೆಯನ್ನು ದೂರ ಸರಿಸಿದರು. ದೋಸೆಯನ್ನು ತಾನು ಇಷ್ಟು ವರ್ಷ ಬರೀ ಒಸಡಿನಲ್ಲೇ ತಿಂದಿದ್ದೇನೆ, ಅದಕ್ಕೆ ಹಲ್ಲು ಯಾಕೆ, ಕಚ್ಚಿ ಎಳೆದು ತಿನ್ನುವಂಥದ್ದು ಏನಾದರೂ ಬೇಕು ಎಂದರು. ವಿಚಾರಿಸಿದರೆ ಅವರ ಮನಸ್ಸಿನಲ್ಲಿದ್ದದ್ದು ತಂದೂರಿ ರೊಟ್ಟಿ. ಯಾವುದೋ ಮದುವೆಯಲ್ಲಿ ಎಲ್ಲರೂ ಅದನ್ನು ಎಳೆದೆಳೆದು ತಿನ್ನುವುದನ್ನು ನೋಡಿ, ತಾನು ಮಾತ್ರ ಸಾರನ್ನ ಕಲೆಸಿಕೊಂಡು ಕೂತಿದ್ದ ಹೊಟ್ಟೆಯುರಿ ಅವರಲ್ಲಿ ಹಾಗೇ ಉಳಿದಿತ್ತು.

ನಾನು ಶಿರಸಿ ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡವಳು. ನನ್ನ ಗಂಡ ಸೊಸೈಟಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವು ಮೂರೇ ಜನ. ನಮ್ಮ ಮನೆಯ ಬೆಂಕಿಯಲ್ಲಿ ತಂದೂರಿ ರೊಟ್ಟಿ ಆಗುವಂಥದ್ದಲ್ಲ ಎಂದು ನಾನು ಮೊದಲೇ ಕೈ ಎತ್ತಿದೆ. ಹಾಗಾಗಿ ಹೊರಗೆ ಊಟಕ್ಕೆ ಹೋಗುವುದು ಎಂದಾಯಿತು. ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಸಿದ್ದಾಪುರದ ಭಾವ, ಅಂದರೆ ನನ್ನ ಗಂಡನ ಅಕ್ಕನ ಯಜಮಾನರು. ಅವರ ಮನೆ ಹೇರೂರಿನ ಕಡೆ. ಪ್ರತಿ ಭಾನುವಾರ ಫೋನ್ ಮಾಡಿ ಅತ್ತೆಯ ಯೋಗಕ್ಷೇಮ ವಿಚಾರಿಸುವುದು ಅವರ ಪದ್ಧತಿ. ಹಲ್ಲಿನ ವಿಷಯ ಕೇಳಿ ಅವರು ಬಹಳ ಸಂತೋಷಪಟ್ಟರು. ಶಿರಸಿಯಿಂದ ಯಲ್ಲಾಪುರದ ರಸ್ತೆಯಲ್ಲಿ ಸ್ವಲ್ಪ ಹೊರಗೆ ಹೊಸದೊಂದು ಫ್ಯಾಮಿಲಿ ರೆಸ್ಟೋರೆಂಟ್ ಆಗಿದೆ, ತಾವು ಮೊನ್ನೆಯಷ್ಟೇ ಹೋಗಿ ಬಂದೆವು ಎಂದರು. ಹೇಗಿದೆ ಎಂದು ನನ್ನ ಗಂಡ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ:

"ಒಂದ್ ಸಲ ಹೋಗವು ಮಾರಾಯ. ಒಂದ್ ಸಲವಾದ್ರೂ ಹೋಗಲೇಬೇಕಾದ ಜಾಗ."

ಡಿಸೆಂಬರ್ ಕೊನೆಯ ರಜೆ ಅದು. ಶಾಲೆಗಳ ಪ್ರವಾಸದ ಬಸ್ಸುಗಳು, ಹುಬ್ಬಳ್ಳಿ ಬೆಳಗಾವಿಯ ಕಾರುಗಳು, ಜಲಪಾತ ನೋಡಿ ಒದ್ದೆ ಬಟ್ಟೆಯಲ್ಲೇ ತಿರುಗುವ ಜನ, ಊರಿಗೆ ಊರೇ ತುಂಬಿಕೊಂಡಿತ್ತು. ಇಂಥ ಸಂಜೆಯಲ್ಲಿ ಹೋಟೆಲಿಗೆ ಹೋಗಬಾರದು ಎಂಬ ಬುದ್ಧಿ ನಮಗೆ ಬರಲಿಲ್ಲ. ಅತ್ತೆ ಮಧ್ಯಾಹ್ನವೇ ರೇಷ್ಮೆ ಸೀರೆ ತೆಗೆದಿಟ್ಟಿದ್ದರು. ಸಂಜೆಯ ಕಾಫಿಯನ್ನೂ ಬೇಡವೆಂದರು, ಹಸಿವು ಕೆಡುತ್ತದೆ ಎಂದು. ಹಲ್ಲನ್ನು ಬ್ರಷ್ ಹಾಕಿ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಹಾಕಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತರು.

ಹೋಟೆಲಿನ ಮುಂದೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ರಸ್ತೆಯಂಚಿನಲ್ಲಿ ಒಂದು ಚಕ್ರ ಗಟಾರದ ಕಡೆ ಇಳಿಸಿ ನಿಲ್ಲಿಸಿದೆವು. ಒಳಗೆ ಕಾಲಿಟ್ಟರೆ, ಕೂತು ಉಣ್ಣುತ್ತಿದ್ದವರಷ್ಟೇ ಜನ ನಿಂತಿದ್ದರು. ಪ್ರತಿ ಕುರ್ಚಿಯ ಹಿಂದೆಯೂ ಒಬ್ಬೊಬ್ಬರು ಪಹರೆ. ಉಣ್ಣುವವರ ಬೆನ್ನಿಗೆ ತಾಗುವ ಹಾಗೆ ನಿಂತು, ಅವರು ತುತ್ತೆತ್ತಿದಾಗಲೆಲ್ಲ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಿದ್ದರು. ನನ್ನ ಗಂಡ ಈ ವಿದ್ಯೆಯಲ್ಲಿ ತೀರ ಹಿಂದೆ. ಒಂದು ಟೇಬಲ್ಲಿನಿಂದ ಮಾರು ದೂರ, ಗೋಡೆಗೆ ಆತು, ಬೇರೆ ಯಾರಿಗೋ ಕಾಯುತ್ತಿರುವವರ ಹಾಗೆ ನಿಂತರು. ಅವರು ಕಣ್ಣಿಟ್ಟಿದ್ದ ಟೇಬಲ್ಲು ಎರಡು ಸಲ ಖಾಲಿಯಾಗಿ ಎರಡು ಸಲ ಬೇರೆಯವರಿಂದ ತುಂಬಿತು. ಎರಡು ಸಲವೂ ಅವರು ಸೌಜನ್ಯದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅತ್ತೆ ಇದನ್ನೆಲ್ಲ ನೋಡಿದರು. ಮನೆಯಲ್ಲಿ ಅವರು ಕೋಲು ಹಿಡಿಯುವುದಿಲ್ಲ. ಆದರೆ ಆ ಸಂಜೆ ನನ್ನ ಕೊಡೆಯನ್ನು ಕೇಳಿ ತೆಗೆದುಕೊಂಡು, ಅದನ್ನೇ ಊರಿಕೊಂಡು, ನಡು ಬಗ್ಗಿಸಿ ಒಂದು ಟೇಬಲ್ಲಿನ ಹತ್ತಿರ ಹೋದರು. ಅಲ್ಲಿ ಕಾಲೇಜಿನ ನಾಲ್ಕು ಹುಡುಗಿಯರು ಐಸ್‌ಕ್ರೀಮು ಮುಗಿಸಿ ಫೋಟೋ ತೆಗೆದುಕೊಳ್ಳುತ್ತ ಕೂತಿದ್ದರು. ಅತ್ತೆ ಅವರ ಪಕ್ಕ ನಿಂತು ಬಹಳ ಪ್ರೀತಿಯಿಂದ ನಕ್ಕು ಹೇಳಿದರು:

"ಗಡಿಬಿಡಿ ಮಾಡಬೇಡಿ ಮಕ್ಕಳೇ, ನಿಧಾನಕ್ಕೆ ಮುಗಿಸಿ. ನಂಗೆ ಕಾಲು ಸ್ವಲ್ಪ ನೋವು, ಅಷ್ಟೇ. ನಿಂತ್ಕೊಳ್ತೆ."

ಹುಡುಗಿಯರು ಫೋನು ಚೀಲಕ್ಕೆ ಹಾಕಿ, ಒಬ್ಬರಿಗೊಬ್ಬರು ತಾಗಿಕೊಂಡು ಎದ್ದರು. ಅತ್ತೆ ಕೂತ ಕೂಡಲೇ ನೆಟ್ಟಗಾದರು, ಕೊಡೆಯನ್ನು ನನಗೆ ವಾಪಸು ಕೊಟ್ಟರು. ಅದು ಆರು ಜನರ ಟೇಬಲ್ಲು, ಇನ್ನೊಂದು ತುದಿಯಲ್ಲಿ ಆಗಲೇ ಹುಬ್ಬಳ್ಳಿಯ ಗಂಡ ಹೆಂಡತಿ ಕೂತಿದ್ದರು. ಅವರು ಈ ಆಟವನ್ನೆಲ್ಲ ಕಣ್ಣಾರೆ ಕಂಡವರು. ಆ ಯಜಮಾನರು ನಮ್ಮನ್ನೂ ಕರೆದರು, "ಬರ್ರಿ, ಕುಂದರ್ರಿ. ಅಜ್ಜಿಯವರ ಪುಣ್ಯಾ ನಿಮಗ."

ಕುರ್ಚಿ ಸಿಕ್ಕಿತು ಎಂದರೆ ಊಟ ಸಿಕ್ಕಿದಂತೆ ಎಂದು ನಾವು ತಿಳಿದಿದ್ದೆವು. ಮೆನು ಪುಸ್ತಕ ಮದುವೆಯ ಆಲ್ಬಮ್ಮಿನಷ್ಟು ದಪ್ಪವಿತ್ತು, ಬೆವರಿದ ಕೈಗಳ ಗುರುತು ಅದರ ಪ್ಲಾಸ್ಟಿಕ್ಕಿನ ಮೇಲೆಲ್ಲ ಇತ್ತು. ಹುಬ್ಬಳ್ಳಿಯ ಯಜಮಾನರು ಅದನ್ನು ಓದಬೇಡಿ, ಸುಮ್ಮನೆ ಆಸೆ ಹುಟ್ಟುತ್ತದೆ ಎಂದರು. ತಾವು ಬಂದು ಬಹಳ ಹೊತ್ತಾಗಿದೆಯಂತೆ, ಇಲ್ಲಿಯವರೆಗೆ ಈರುಳ್ಳಿ ಚೂರು ಮಾತ್ರ ಬಂದಿದೆಯಂತೆ. ಅವರ ಹೆಂಡತಿ ಆ ಈರುಳ್ಳಿಯನ್ನು ನಮ್ಮ ಕಡೆಗೂ ಸರಿಸಿದರು. ನಾವು ಈರುಳ್ಳಿ ತಿಂದೆವು.

ಸಪ್ಲಾಯರ್ ಬಂದ. ನಾವು ಕೇಳಿದ್ದಕ್ಕೆಲ್ಲ ಖಾಲಿ ಎಂದ. ಗೋಬಿ ಖಾಲಿ, ನೂಡಲ್ಸ್ ಖಾಲಿ, ಪಲಾವು ಖಾಲಿ. ಹಾಗಾದರೆ ಏನಿದೆ ಎಂದು ಕೇಳಿದಾಗ ಅವನು ಒಂದೇ ಉಸಿರಿನಲ್ಲಿ ಹೇಳಿದ ಹೆಸರುಗಳಲ್ಲಿ ನಮಗೆ ಕೊನೆಯ ಅಕ್ಷರಗಳಷ್ಟೇ ಕೇಳಿಸಿದವು. ಎಲ್ಲವೂ ಮಸಾಲಾ ಎಂದು ಮುಗಿಯುತ್ತಿದ್ದವು. ನನ್ನ ಗಂಡ ಒಂದು ಪನ್ನೀರಿನದ್ದು, ತಂದೂರಿ ರೊಟ್ಟಿ, ಮೊಸರನ್ನ ಹೇಳಿದರು. ಅತ್ತೆ ತನಗೆ ಮೊದಲು ಟೊಮೆಟೊ ಸೂಪು ಬೇಕೆಂದರು. ಹೋಟೆಲಿನಲ್ಲಿ ಊಟ ಮಾಡುವುದೆಂದರೆ ಮೊದಲು ಸೂಪು ಕುಡಿಯಬೇಕು ಎಂದು ಅವರಿಗೆ ಯಾರೋ ಹೇಳಿದ್ದರು.

ಆಮೇಲೆ ನಾವು ಬೇರೆಯವರ ಊಟ ನೋಡಿದೆವು. ಟ್ರೇಗಳು ನಮ್ಮ ತಲೆಯ ಮೇಲಿಂದ ಹೋಗುತ್ತಿದ್ದವು. ಪ್ರತಿ ಟ್ರೇ ಹತ್ತಿರ ಬಂದಾಗಲೂ ನನ್ನ ಗಂಡ ನೀರಿನ ಲೋಟ ಪಕ್ಕಕ್ಕಿಟ್ಟು ಜಾಗ ಮಾಡುವರು, ಟ್ರೇ ಮುಂದೆ ಹೋಗುವುದು, ಅವರು ಲೋಟವನ್ನು ಮತ್ತೆ ನಡುವೆ ಇಡುವರು. ಒಂದು ಸಲ ನಮಗೆ ಗೋಬಿ ಬಂತು. ಖಾಲಿ ಎಂದಿದ್ದ ಗೋಬಿಯೇ. ನಾವು ಇದು ನಮ್ಮದಲ್ಲ ಎಂದು ಹೇಳಬೇಕೋ ಬೇಡವೋ ಎಂದು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಅತ್ತೆ ಒಂದು ಚೂರು ಬಾಯಿಗೆ ಹಾಕಿ ಆಗಿತ್ತು. ಅಷ್ಟರಲ್ಲಿ ಸಪ್ಲಾಯರ್ ಓಡಿ ಬಂದು ತಟ್ಟೆಯನ್ನು ಎತ್ತಿಕೊಂಡು ಪಕ್ಕದ ಟೇಬಲ್ಲಿಗೆ ಕೊಟ್ಟ. ಆ ಟೇಬಲ್ಲಿನವರು ನಮ್ಮನ್ನೂ ತಟ್ಟೆಯನ್ನೂ ಸಂಶಯದಿಂದ ನೋಡಿದರು. ಅತ್ತೆ ಬಾಯಿ ಆಡಿಸುವುದನ್ನು ನಿಲ್ಲಿಸಿ ಗೋಡೆಯ ಮೇಲಿನ ಜಲಪಾತದ ಚಿತ್ರವನ್ನು ನೋಡುತ್ತ ಕೂತರು.

ಕೊನೆಗೆ ನಮ್ಮ ಪನ್ನೀರು ಬಂತು, ಅದೇ ಹೊತ್ತಿಗೆ ಹುಬ್ಬಳ್ಳಿಯವರದ್ದೂ ಬಂತು. ಅವರು ಹೇಳಿದ್ದು ಬೇರೆ ಪದಾರ್ಥ, ಹೆಸರು ನಮ್ಮದಕ್ಕಿಂತ ಉದ್ದ. ಎರಡು ಬಟ್ಟಲಿನಲ್ಲಿಯೂ ಒಂದೇ ಕೆಂಪು ರಸ, ಮೇಲೆ ಒಂದೇ ರೀತಿ ಕೊತ್ತಂಬರಿ. ಯಜಮಾನರು ನಮ್ಮ ಅಪ್ಪಣೆ ಕೇಳಿ ನಮ್ಮ ಬಟ್ಟಲಿಗೆ ಚಮಚ ಅದ್ದಿ ರುಚಿ ನೋಡಿದರು. ಆಮೇಲೆ ತಮ್ಮದನ್ನು ನೋಡಿದರು.

"ನಿಮ್ದೂ ಇದ, ನಮ್ದೂ ಇದ. ಹೆಸರಷ್ಟ ಬ್ಯಾರೆ ನೋಡ್ರಿ," ಎಂದರು.

ನನ್ನ ಗಂಡನಿಗೆ ಅಲ್ಲಿ ಒಂದು ರೀತಿಯ ಉತ್ಸಾಹ ಬಂತು. ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಬಾಯಿಬಿಡದ ಮನುಷ್ಯ, ಅವತ್ತು ಸಪ್ಲಾಯರನ್ನು ಕರೆದು, ಮೆನುವಿನ ಬೇರೆ ಪುಟದಲ್ಲಿದ್ದ, ಯಾರಿಗೂ ಉಚ್ಚರಿಸಲು ಬಾರದ ಇನ್ನೊಂದು ಪದಾರ್ಥವನ್ನು ಬೆರಳಿಟ್ಟು ತೋರಿಸಿ ತರಿಸಿದರು. ಅದು ಮಾತ್ರ ಬಹಳ ಬೇಗ ಬಂತು. ಅದೇ ಕೆಂಪು ರಸ, ಪನ್ನೀರಿನ ಬದಲು ಬಟಾಣಿ. ಹುಬ್ಬಳ್ಳಿಯ ಯಜಮಾನರು ನಗುತ್ತ ಟೇಬಲ್ಲಿಗೆ ಕೈ ಬಡಿದರು. ಅವರ ಹೆಂಡತಿ, ಇಷ್ಟು ದೂರ ಬಂದು ಒಂದೇ ಪಲ್ಯಕ್ಕೆ ಮೂರು ಹೆಸರು ಇಟ್ಟುಕೊಂಡು ಉಂಡೆವಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಗುವಿನ ನೀರೋ ಖಾರದ ನೀರೋ ತಿಳಿಯಲಿಲ್ಲ.

ಇಷ್ಟರ ನಡುವೆ ಅತ್ತೆ ಯಾವುದಕ್ಕೂ ಗಮನ ಕೊಡದೆ ರೊಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ಅದು ಅವರ ದಿನ. ಮೊದಲು ಒಂದು ಚೂರು ಹರಿಯಲು ನೋಡಿದರು, ಹರಿಯಲಿಲ್ಲ. ಎರಡೂ ಕೈ ಹಾಕಿ ಎಳೆದರು. ರೊಟ್ಟಿ ಉದ್ದವಾಯಿತು, ಬಿಟ್ಟಾಗ ಮೊದಲಿನಂತಾಯಿತು. ಕೊನೆಗೆ ಇಡೀ ರೊಟ್ಟಿಯನ್ನೇ ಬಾಯಿಗೆ ಹಿಡಿದು ಕಚ್ಚಿ ಎಳೆದರು. ರೊಟ್ಟಿಯ ಜೊತೆ ಮೇಲಿನ ಸಾಲು ಹಲ್ಲೂ ಸ್ವಲ್ಪ ಮುಂದೆ ಬಂತು. ಅತ್ತೆ ಅದನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿ, ಸುತ್ತ ಒಮ್ಮೆ ನೋಡಿ, ರೊಟ್ಟಿಯನ್ನು ತಟ್ಟೆಗೆ ಹಾಕಿದರು. ಆಮೇಲೆ ಸೆರಗು ಮರೆ ಮಾಡಿಕೊಂಡು ಎರಡೂ ಸಾಲನ್ನು ತೆಗೆದು, ಜೊತೆಗೆ ತಂದಿದ್ದ ಹಲ್ಲಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲಕ್ಕೆ ಹಾಕಿ, ಬೊಚ್ಚುಬಾಯಿಯಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದರು:

"ಈ ಹಲ್ಲು ನಂಗೆ ಇನ್ನೂ ಸುಮಾರು ದಿನ ಬೇಕು. ಇದ್ನ ಇಲ್ಲಿ ಹಾಳು ಮಾಡ್ಕಂಬ್ಲೆ ಆಗ್ತಿಲ್ಲೆ."

ಅವರು ಮೊಸರನ್ನ ಉಂಡರು. ಅದರ ಮೊಸರು ಹುಳಿಯಾಗಿದ್ದು ಸಕ್ಕರೆ ಹಾಕಿ ಸರಿಮಾಡಿದ್ದರು. ಮೊಸರನ್ನ ಮುಗಿಯುವ ಹೊತ್ತಿಗೆ ಸೂಪು ಬಂತು, ತಣ್ಣಗೆ, ಮೇಲೆ ಕೆನೆಯಂಥ ಪೊರೆ ಕಟ್ಟಿಕೊಂಡು. ನಾನು ಚಮಚದಲ್ಲಿ ರುಚಿ ನೋಡಿದೆ. ಬಟಾಣಿಯನ್ನು ಆರಿಸಿ ತೆಗೆದು ನೀರು ಬೆರೆಸಿದರೆ ಹೇಗಿರುತ್ತದೋ ಹಾಗಿತ್ತು.

ಆಗಲೇ ನನ್ನ ಗಂಡನ ಫೋನು ಬಡಿದುಕೊಂಡಿತು. ಸಿದ್ದಾಪುರದ ಭಾವ. ಅವತ್ತು ಭಾನುವಾರವಲ್ಲ. ಹೋಟೆಲಿನ ಗಲಾಟೆಯಲ್ಲಿ ಕೇಳಿಸಲಿ ಎಂದು ಗಂಡ ಸ್ಪೀಕರ್ ಹಾಕಿದರು. ಭಾವ ಬಹಳ ಗಂಭೀರವಾದ ದನಿಯಲ್ಲಿ, ಹೋದಿರಾ, ಜಾಗ ಸಿಕ್ಕಿತಾ, ಅತ್ತೆಯವರು ರೊಟ್ಟಿ ತಿಂದರಾ ಎಂದು ವಿಚಾರಿಸಿದರು. ದನಿಯೇನೋ ಗಂಭೀರವಾಗಿತ್ತು. ಆದರೆ ಹಿಂದಿನಿಂದ ಅವರ ಹೆಂಡತಿ, ನನ್ನ ಅತ್ತಿಗೆ, ನಗು ತಡೆಯಲಾಗದೆ ಕೆಮ್ಮುತ್ತಿದ್ದದ್ದು ನಮ್ಮ ಮೂವರಿಗೂ ಕೇಳಿಸಿತು. ಒಂದು ಸಲ ಹೋಗಲೇಬೇಕಾದ ಜಾಗ ಎಂದು ಭಾವ ಹೇಳಿದ್ದರ ಅರ್ಥ ನನಗೆ ಆಗ ಹೊಳೆಯಿತು. ಒಂದು ಸಲ ಎಂದೇ ಹೇಳಿದ್ದರು. ಊಟ ಚೆನ್ನಾಗಿದೆ ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ.

ನನ್ನ ಗಂಡ ಎದುರಿಗಿದ್ದ ಮೂರು ಬಟ್ಟಲು ನೋಡಿದರು. ಆಮೇಲೆ ಫೋನಿಗೆ, "ಭಾರೀ ಇದ್ದು ಭಾವ. ಇಂಥಾ ಊಟ ಮಾಡದೇ ಸುಮಾರು ವರ್ಷ ಆಗಿತ್ತು," ಎಂದರು. ಆ ಕಡೆ ಕೆಮ್ಮು ಥಟ್ಟನೆ ನಿಂತಿತು. ಅತ್ತೆ ಫೋನನ್ನು ತಮ್ಮ ಕಡೆ ಎಳೆದುಕೊಂಡು, ಅಳಿಯಂದಿರಿಗೆ ಬಹಳ ಉಪಕಾರವಾಯಿತು, ರೊಟ್ಟಿ ಬೆಣ್ಣೆಯಂತಿತ್ತು ಎಂದು ಬೊಚ್ಚುಬಾಯಿಯಲ್ಲೇ ಹೇಳಿ ಇಟ್ಟರು. ಹುಬ್ಬಳ್ಳಿಯ ಗಂಡ ಹೆಂಡತಿ ಊಟ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಕಾರು ಹತ್ತಿ ವಾಪಸು ಹೊರಟೆವು. ಹಸಿವು ಹಾಗೇ ಇತ್ತು, ಅದರ ಮೇಲೆ ಎದೆಯುರಿಯೂ ಸೇರಿತ್ತು. ಆಮೇಲೆ ಮುಂದಿನ ಸೀಟಿನಿಂದ ಅತ್ತೆ ಹಿಂದೆ ತಿರುಗದೆಯೇ ನನ್ನನ್ನು ಕೇಳಿದರು:

"ಯಲ್ಲಾಪುರದ ನಿನ್ನ ತಂಗಿಗೆ ಈ ಹೋಟ್ಲು ಗೊತ್ತಿದ್ದಾ?"

ನನ್ನ ತಂಗಿಯ ಬಗ್ಗೆ ಎರಡು ಮಾತು ಹೇಳಬೇಕು. ಅವಳು ಯಲ್ಲಾಪುರದಲ್ಲಿ ಬಾಲವಾಡಿಯ ಟೀಚರು. ಅವಳ ಗಂಡ ಸ್ವಂತ ಟೆಂಪೋ ಇಟ್ಟುಕೊಂಡು ಬಾಡಿಗೆಗೆ ಓಡಿಸುವವರು, ಬಹಳ ಸಾಧು. ತಂಗಿಗೆ ಜಗತ್ತಿನ ಎಲ್ಲದರ ಬಗ್ಗೆಯೂ ಸಲಹೆ ಇರುತ್ತದೆ. ಮಂಡಿನೋವಿಗೆ ಯಾವ ಎಣ್ಣೆ, ಯಾವ ಅಂಗಡಿಯ ದಾರ, ಯಾವ ಊರಿಗೆ ಯಾವ ದಾರಿಯಲ್ಲಿ ಹೋಗಬೇಕು. ಒಂದು ಏಪ್ರಿಲ್ಲಿನಲ್ಲಿ ಅವಳ ಮಾತು ಕೇಳಿ ನಾವು ಇಡಗುಂದಿಯ ಆಚೆ ಯಾವುದೋ ಜಲಪಾತ ನೋಡಲು ಹೋಗಿ, ಬಿಸಿಲಿನಲ್ಲಿ ಬಹಳ ದೂರ ಇಳಿದು, ಒಣ ಬಂಡೆಯೊಂದನ್ನು ನೋಡಿ, ಮತ್ತೆ ಅಷ್ಟೇ ದೂರ ಹತ್ತಿ ಬಂದಿದ್ದೆವು. ಕೇಳಿದರೆ, ಮಳೆಗಾಲದಲ್ಲಿ ನೋಡಬೇಕು ಅಕ್ಕಾ, ನೀರೇ ನೀರು ಎಂದಿದ್ದಳು. ಅತ್ತೆ ಅದನ್ನು ಮರೆತಿರಲಿಲ್ಲ. ಅವತ್ತು ಅವರೂ ಬಂಡೆಯ ತನಕ ಇಳಿದಿದ್ದರು.

ಮರುದಿನವೇ ಫೋನ್ ಮಾಡಿದೆ. ನಾನು ಒಂದೂ ಸುಳ್ಳು ಹೇಳಲಿಲ್ಲ. ಹೊಸ ಹೋಟೆಲಿಗೆ ಹೋಗಿದ್ದೆವು, ನಿಲ್ಲಲೂ ಜಾಗವಿಲ್ಲದಷ್ಟು ಜನ, ಅತ್ತೆ ಆ ರೊಟ್ಟಿಯನ್ನು ಜನ್ಮದಲ್ಲಿ ಮರೆಯುವುದಿಲ್ಲ, ಪನ್ನೀರಿನ ರುಚಿ ಇವತ್ತೂ ನಾಲಿಗೆಯ ಮೇಲಿದೆ, ನೀವೂ ಒಂದು ಸಲ ಹೋಗಿ ಎಂದೆ. ಪಕ್ಕದಲ್ಲಿ ಕೂತು ಹುಣಸೆಬೀಜ ಬಿಡಿಸುತ್ತಿದ್ದ ಅತ್ತೆ ಸೊಸೆಯ ಬಗ್ಗೆ ಮೊದಲ ಬಾರಿಗೆ ತೃಪ್ತಿಯಿಂದ ತಲೆಯಾಡಿಸಿದರು.

ಅವಳು ಹೋಗುತ್ತಾಳೆ, ಬೈಯಲು ಫೋನ್ ಮಾಡುತ್ತಾಳೆ ಎಂದು ನಾವು ಕಾದೆವು. ಒಂದು ವಾರ ಕಳೆಯಿತು, ಸುದ್ದಿಯಿಲ್ಲ. ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ ಅವಳು ರೊಟ್ಟಿ ಎಳೆಯುವ ಚಿತ್ರ ಕಲ್ಪಿಸಿಕೊಂಡು ಒಬ್ಬಳೇ ನಗುತ್ತಿದ್ದೆ. ಕೊನೆಗೆ ಅವಳ ಫೋನು ಬಂತು. ಅವಳು ಹೊಗಳಲು ಶುರು ಮಾಡಿದಳು. ಅಕ್ಕಾ, ಎಂಥ ಪನ್ನೀರು, ಎಂಥ ರೊಟ್ಟಿ, ನೀನು ಹೇಳದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ ಎಂದಳು. ಇವಳು ನನ್ನ ತಂಗಿಯೇ ಸರಿ, ಸೋಲು ಒಪ್ಪಿಕೊಳ್ಳುವವಳಲ್ಲ ಎಂದು ನಾನು ಒಳಗೊಳಗೇ ಮೆಚ್ಚಿಕೊಂಡೆ. ಅತ್ತೆಯೂ, "ನಂಗ್ಳ ಹಾಂಗೇ ಹೇಳ್ತಾ ಇದ್ದು," ಎಂದರು.

ಆದರೆ ಆ ಸಂಜೆಯೇ ಅವಳ ಗಂಡ ಶಿರಸಿಗೆ ಬಾಡಿಗೆ ಬಂದವರು ನಮ್ಮ ಮನೆ ಬಾಗಿಲಿನಲ್ಲಿ ಟೆಂಪೋ ನಿಲ್ಲಿಸಿದರು. ಕೈಯಲ್ಲಿ ಪಾರ್ಸೆಲ್ ಚೀಲ. ದಾರಿಯಲ್ಲಿ ಅದೇ ಹೋಟೆಲಿನಿಂದ ಅತ್ತೆಯವರಿಗಾಗಿ ಕಟ್ಟಿಸಿಕೊಂಡು ಬಂದಿದ್ದರು. ಕೊಟ್ಟು, ಚಹಾ ಕುಡಿದು ಹೋದರು. ನಾವು ಮೂವರೂ ಆ ಚೀಲವನ್ನು ಟೇಬಲ್ಲಿನ ಮೇಲಿಟ್ಟು ದೂರದಿಂದ ನೋಡಿದೆವು. ಬಿಚ್ಚಿದಾಗ ಒಳ್ಳೆಯ ಪರಿಮಳ ಬಂತು. ರಸ ಕೆಂಪಗಿರಲಿಲ್ಲ, ಹದವಾದ ಬಾದಾಮಿ ಬಣ್ಣ. ರೊಟ್ಟಿ ಬೆರಳು ತಾಗಿಸಿದರೆ ಹರಿಯುತ್ತಿತ್ತು. ಅತ್ತೆ ಡಬ್ಬಿ ತರಿಸಿ ಹಲ್ಲು ಹಾಕಿಕೊಂಡು ಒಂದು ಚೂರು ತಿಂದರು, ಇನ್ನೊಂದು ತಿಂದರು, ಆಮೇಲೆ ನಮ್ಮ ಪಾಲಿನದ್ದನ್ನೂ ಕೇಳಿದರು. ತಂಗಿ ಹೇಳಿದ್ದೆಲ್ಲ ನಿಜ. ಅವಳು ಹೋದದ್ದು ವಾರದ ನಡುವಿನ ಒಂದು ಸಾಧಾರಣ ದಿನ. ಹೋಟೆಲಿನಲ್ಲಿ ಆರೋ ಏಳೋ ಜನ ಇದ್ದರಂತೆ.

ನಮ್ಮ ಕುಚೇಷ್ಟೆ ಉಪಕಾರವಾಗಿ ಹೋಯಿತಲ್ಲ ಎಂದು ನನಗೆ ಬೇಸರವಾಯಿತು. ಇನ್ನೂ ಕಷ್ಟ ಮುಂದೆ ಕಾದಿತ್ತು. ತಂಗಿಯ ಗಂಡ ಕೃತಜ್ಞತೆಯ ಮನುಷ್ಯ. ಜನವರಿ ಕೊನೆಯ ಸಾಲು ರಜೆಯಲ್ಲಿ ಎಲ್ಲರೂ ಸೇರೋಣ, ಅದೇ ಹೋಟೆಲಿನಲ್ಲಿ ಊಟ, ತನ್ನ ಕಡೆಯಿಂದ, ಸಿದ್ದಾಪುರದವರೂ ಬರಲೇಬೇಕು ಎಂದು ಆಗ್ರಹ ಮಾಡಿದರು. ರಜೆಯ ದಿನ ಬೇಡ ಎಂದು ನಾನು ಹೇಗೆ ಹೇಳಲಿ? ಯಾಕೆ ಎಂದು ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಸುಮ್ಮನೆ ಒಪ್ಪಿಕೊಂಡೆ.

ಸಿದ್ದಾಪುರದ ಭಾವನಿಗೆ ವಿಷಯ ತಿಳಿಸಿದಾಗ ಅವರ ದನಿ ಇಳಿಯಿತು. ಅವತ್ತು ತಮಗೆ ಸ್ವರ್ಣವಲ್ಲಿ ಮಠಕ್ಕೆ ಹೋಗುವುದಿದೆ ಎಂದರು. ಮಾರನೆಯ ದಿನ ಮಾಡೋಣ ಎಂದದ್ದಕ್ಕೆ ಗ್ಯಾಸ್ಟ್ರಿಕ್ ಎಂದರು. ಅತ್ತೆ ಫೋನು ತೆಗೆದುಕೊಂಡು, ಇಂಥ ಒಳ್ಳೆಯ ಜಾಗವನ್ನು ನಮಗೆ ತೋರಿಸಿದವರೇ ನೀವು, ನೀವಿಲ್ಲದೆ ನಮಗೆ ತುತ್ತು ಇಳಿಯುವುದಿಲ್ಲ ಎಂದು ಬಹಳ ಮೃದುವಾಗಿ ಹೇಳಿದರು. ಭಾವ ಬರುವುದಾಗಿ ಒಪ್ಪಿದರು.

ಆ ಸಂಜೆ ಮೊದಲಿಗಿಂತ ಹೆಚ್ಚು ಜನ. ಹೊರಗೆ ಎರಡು ಪ್ರವಾಸದ ಬಸ್ಸು. ನಾವು ಏಳು ಜನ ಅಲ್ಲಲ್ಲಿ ಚದುರಿ ನಿಂತು, ಎರಡು ಟೇಬಲ್ಲು ಹಿಡಿದು, ಒಂದಾಗಿ ಕೂರುವ ಹೊತ್ತಿಗೆ ತಂಗಿಯ ಗಂಡನ ಮುಖದ ಕಳೆಯೇ ಇಳಿದಿತ್ತು. ತಂಗಿ ಮಾತ್ರ ಎಲ್ಲರಿಗೂ ಯಾವುದು ತೆಗೆದುಕೊಳ್ಳಬೇಕು, ಯಾವುದು ಬೇಡ ಎಂದು ಹೇಳುತ್ತಲೇ ಇದ್ದಳು. ಬಗೆಬಗೆಯ ಹೆಸರಿನ ಪದಾರ್ಥಗಳನ್ನು ಹೇಳಿದಳು. ನನ್ನ ಗಂಡ, ಭಾವ, ಅತ್ತಿಗೆ ಮೂವರೂ ತಮಗೆ ಮೊಸರನ್ನ ಸಾಕು ಎಂದರು. ಅವರು ಹಾಗೆ ಒಟ್ಟಿಗೇ ಹೇಳಿದ್ದನ್ನು ಕಂಡು ತಂಗಿ ಸ್ವಲ್ಪ ಹುಬ್ಬು ಗಂಟಿಕ್ಕಿದಳು.

ಬಟ್ಟಲುಗಳು ಬಂದವು. ಎಲ್ಲದರಲ್ಲಿಯೂ ಕೆಂಪು ರಸ. ತಂಗಿ ಒಂದರಿಂದ ರುಚಿ ನೋಡಿದಳು, ಇನ್ನೊಂದರಿಂದ ನೋಡಿದಳು, ಸಪ್ಲಾಯರನ್ನು ಕರೆದು ಆ ದಿನ ಹೀಗಿರಲಿಲ್ಲವಲ್ಲ ಎಂದು ಕೇಳಿದಳು. ಅವನಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. ರಜೆ ದಿನ ಬೇರೆಬೇರೆ ಮಾಡಲು ಆಗುವುದಿಲ್ಲ, ಒಂದೇ ಹಂಡೆಯಲ್ಲಿ ಮಾಡಿಡುತ್ತೇವೆ ಎಂದು ಹೋಗುತ್ತ ಹೇಳಿದ. ತಂಗಿ ರೊಟ್ಟಿಗೆ ಕೈ ಹಾಕಿದಳು. ಎಳೆದಳು. ಎದುರಿಗೆ ಕೂತ ಭಾವ ಅದನ್ನೇ ನೋಡುತ್ತಿದ್ದರು. ಅವರ ಭುಜ ಅಲುಗಲು ಶುರುವಾಯಿತು. ಕೆಮ್ಮಿದರು, ನೀರು ಕುಡಿದರು, ನೀರು ಮೂಗಿಗೆ ಹತ್ತಿತು. ಅತ್ತಿಗೆ ಬೆನ್ನು ತಟ್ಟಲು ಹೋಗಿ ತಾವೇ ನಗಲು ಶುರು ಮಾಡಿದರು. ನನ್ನ ಗಂಡ ಟೇಬಲ್ಲಿನ ಕೆಳಗೆ ಬಿದ್ದಿರದ ಕರವಸ್ತ್ರ ಹುಡುಕಲು ಬಗ್ಗಿದರು.

ತಂಗಿ ರೊಟ್ಟಿ ಕೆಳಗಿಟ್ಟು ನನ್ನನ್ನು ನೋಡಿದಳು. "ಅಕ್ಕಾ, ನಿಂಗೆ ಗೊತ್ತಿತ್ತಾ?"

ನನಗಿಂತ ಮೊದಲು ಅತ್ತೆಯೇ, ಇದೆಲ್ಲ ತನ್ನದೇ ಕೆಲಸ, ತಾನೇ ಹೇಳಿ ಫೋನ್ ಮಾಡಿಸಿದ್ದು ಎಂದು ಒಂದು ಅಳುಕೂ ಇಲ್ಲದೆ ಹೇಳಿದರು. ಭಾವನೂ ಕಣ್ಣೊರೆಸಿಕೊಂಡು, ತನ್ನನ್ನು ಇಲ್ಲಿಗೆ ಕಳಿಸಿದ್ದು ಸಿದ್ದಾಪುರದ ಗೆಳೆಯನೊಬ್ಬ, ಅವನಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ ಎಂದು ತಿಳಿಸಿದರು. ಹಿರಿಯರ ಮೇಲೆ ಸಿಟ್ಟು ಮಾಡುವಂತಿಲ್ಲ, ಭಾವ ನೆಂಟರು, ನಾನು ಅಕ್ಕ. ಹಾಗಾಗಿ ತಂಗಿಯ ಸಿಟ್ಟೆಲ್ಲ ನನ್ನ ಗಂಡನ ಮೇಲೆ ಬಂತು. ಅವಳು ತನ್ನ ಗಂಡನಿಗೆ ಟೆಂಪೋದಲ್ಲಿ ಹಿಂದೆ ಬರಲು ಹೇಳಿ ನಮ್ಮ ಕಾರಿನಲ್ಲೇ ಕೂತು, ಶಿರಸಿಯವರೆಗೂ ಅವರಿಗೆ ಬೈದಳು. ಈ ಇಡೀ ಕತೆಯಲ್ಲಿ ಯಾರಿಗೂ ಏನೂ ಶಿಫಾರಸು ಮಾಡದಿದ್ದವರು ಅವರೊಬ್ಬರೇ. ಅವರು ಗೇರು ಬದಲಿಸುತ್ತ, ಹೌದು, ತಪ್ಪಾಯಿತು ಎನ್ನುತ್ತ ಕಾರು ಓಡಿಸಿದರು. ಅತ್ತೆ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಇದ್ದರು.

ತಂಗಿ ಹಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಬೆಳಗಿನ ಹೂವಿನ ಚಿತ್ರಗಳೂ, ಮಂಡಿನೋವಿನ ಮದ್ದುಗಳೂ ನನ್ನ ಫೋನಿಗೆ ಬರುವುದು ನಿಂತವು. ನನಗೆ ಅದು ಅಷ್ಟು ಹಿಡಿಸಲಿಲ್ಲ ಎಂದು ಹೇಳಲೇಬೇಕು. ಆಮೇಲೆ ಒಂದು ಮಧ್ಯಾಹ್ನ, ನಾನು ಬ್ಲೌಸಿನ ತೋಳು ಕೂಡಿಸುತ್ತಿದ್ದಾಗ, ಒಂದು ಫೋಟೋ ಬಂತು. ಅವಳೂ ಅವಳ ಬಾಲವಾಡಿಯ ಟೀಚರುಗಳೂ ಅದೇ ಹೋಟೆಲಿನಲ್ಲಿ ಕೂತಿದ್ದರು. ಸುತ್ತ ಖಾಲಿ ಟೇಬಲ್ಲುಗಳು. ಎದುರಿಗೆ ತುಂಬಿದ ತಟ್ಟೆಗಳು. ಫೋಟೋದ ಕೆಳಗೆ ಒಂದಕ್ಷರವೂ ಇರಲಿಲ್ಲ.

ಮನೆಗೆ ಬಂದು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ, ತಂಗಿಯ ಮುಖವನ್ನು ಆಚೆ ಸರಿಸಿ, ರೊಟ್ಟಿಯನ್ನು ನಡುವೆ ತಂದು ಬಹಳ ಹೊತ್ತು ನೋಡಿದರು.

"ಮಂಗಳವಾರ ನಿನ್ನ ಅಂಗಡಿ ಮುಚ್ಚಲೆ ಆಗ್ತಾ?" ಎಂದು ಕೇಳಿದರು.

ಆಗುತ್ತದೆ ಎಂದೆ. ಮಂಗಳವಾರ ಬೆಳಿಗ್ಗೆ ಗಂಡ ಸೊಸೈಟಿಗೆ ಹೊರಡುವ ತನಕ ನಾವಿಬ್ಬರೂ ಹಳೆಯ ಸೀರೆಯಲ್ಲೇ ಇದ್ದೆವು. ಅವರ ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ರೇಷ್ಮೆ ಸೀರೆ ತೆಗೆದರು. ಮಧ್ಯಾಹ್ನ, ಹೋಟೆಲಿನ ಮುಂದೆ ಹಾಯುವ ಯಲ್ಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು.